ಕಿಲ್ನ್ ನಿಲ್ಲಬಾರದು: ಹಳೇ ಎನ್‌ಟಿ ಕಂಪ್ಯೂಟರ್ ಕಾಯುವ ಕೆಲಸ

ಕೊಪ್ಪಳದ ಗಿಣಿಗೇರಾ ಕಡೆಯ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ಕಾಯಿಸಿ ತೆಗೆಯುವ ಕಬ್ಬಿಣ) ಘಟಕದ ಕಂಟ್ರೋಲ್ ರೂಮಿಗೆ ಹೊಸದಾಗಿ ಬಂದ ಹುಡುಗರು ಮೊದಲು ಕೇಳುವುದು ಇದನ್ನೇ: "ಸರ್, ವಿಂಡೋಸ್ ಎನ್‌ಟಿ ಮಷೀನ್ ಇನ್ನೂ ಯಾಕ್ ಇಟ್ಟೀರಿ?"

ಎನ್‌ಟಿ ಅಂದರೆ 1990ರ ದಶಕದ ವಿಂಡೋಸ್. ಬರೀ ಕಂಪ್ಯೂಟರ್ ಬದಲಿಸುವುದಾಗಿದ್ದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಕಿಲ್ನ್ (ಅದಿರು ಕಾಯಿಸುವ, ತಿರುಗುವ ಕೊಳವೆ ಕುಲುಮೆ) ನಡೆಸುವ ನಿಯಂತ್ರಕ ಪಿಎಲ್‌ಸಿ ಜೊತೆ ಮಾತಾಡುವುದು ಅದರೊಳಗಿನ ಐಎಸ್‌ಎ ಎಂಬ ಹಳೇ ನಮೂನೆಯ ಕಾರ್ಡ್. ಈಗಿನ ಮದರ್‌ಬೋರ್ಡ್‌ಗಳಲ್ಲಿ ಆ ಸ್ಲಾಟೇ ಬರುವುದಿಲ್ಲ. ಘಟಕದ ಸ್ಥಿತಿಯನ್ನು ಸ್ಕ್ರೀನಿನಲ್ಲಿ ತೋರಿಸುವ ಸ್ಕಾಡಾ ಸಾಫ್ಟ್‌ವೇರಿನ ಲೈಸೆನ್ಸ್ ಇರುವುದು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ ಪುಟ್ಟ ಕೀಲಿಯಲ್ಲಿ (ಡಾಂಗಲ್). ಎಲ್ಲ ಬದಲಿಸಬೇಕೆಂದರೆ ಪ್ರತಿ ಥರ್ಮೋಕಪಲ್ (ಕಾವು ಅಳೆಯುವ ಸೆನ್ಸರ್), ಪ್ರತಿ ಇಂಟರ್‌ಲಾಕ್ (ಅಪಾಯ ಬಂದರೆ ತಾನೇ ತಡೆಯುವ ವ್ಯವಸ್ಥೆ) ಹೊಸದಾಗಿ ಪರೀಕ್ಷೆ ಮಾಡಬೇಕು. ಸುಮಾರು 1000 ಡಿಗ್ರಿ ಕಾಯ್ದ ಕಿಲ್ನ್ ತಿರುಗದೆ ನಿಂತರೆ ಅದರ ಹೊರಗಿನ ಉಕ್ಕಿನ ಕವಚ (ಷೆಲ್) ಬಾಗುತ್ತದೆ. ಹೀಗಾಗಿ ಈ ಕೆಲಸಕ್ಕೆ ಸಿಗುವುದು ಕಿಲ್ನ್ ಒಳಗಿನ ಇಟ್ಟಿಗೆ ರಿಪೇರಿಯ ಶಟ್‌ಡೌನ್ ದಿನಗಳು ಮಾತ್ರ. ಪಿಸಿ ಕೆಟ್ಟರೂ ಪಿಎಲ್‌ಸಿ ಓಡುತ್ತಿರುತ್ತದೆ, ನಿಜ. ಆದರೆ ಆಪರೇಟರ್‌ಗೆ ಟೆಂಪರೇಚರ್ ಕಾಣುವುದಿಲ್ಲ. ಕಾವು ಮಿತಿ ಮೀರಿದರೆ ಒಳಗೋಡೆಗೆ ಗಟ್ಟಿ ಪದರ (ಅಕ್ರೀಷನ್) ಕಟ್ಟಿಕೊಳ್ಳುತ್ತದೆ.

ನಾನು ಮೊದಲು ಕೈ ಹಾಕುವುದು ಹಾರ್ಡ್ ಡಿಸ್ಕಿಗೆ. ಅದನ್ನು ಬಿಚ್ಚಿ, ಐಡಿಇ–ಯುಎಸ್‌ಬಿ ಅಡಾಪ್ಟರ್‌ನಿಂದ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಜೋಡಿಸಿ, ಮೌಂಟ್ ಮಾಡದೆ (ಒಳಗಿನ ಫೈಲ್ ತೆರೆಯದೆ) ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂನಿಂದ ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲು ತೆಗೆಯುತ್ತೇನೆ. ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವ ಭಾಗ ಅಷ್ಟೇ. ಕೆಟ್ಟ ಸೆಕ್ಟರ್‌ಗಳಿಗೆ (ಡಿಸ್ಕಿನ ಚಿಕ್ಕ ತುಣುಕುಗಳಿಗೆ) ಎರಡನೇ ಸುತ್ತಿನಲ್ಲಿ ಮೂರು ಸಲ ಪ್ರಯತ್ನ. ಎಲ್ಲಿ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಡಲು ಮರೆತರೆ ಎರಡನೇ ಸುತ್ತು ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಸಾಯುತ್ತಿರುವ ಡಿಸ್ಕ್ ಅದನ್ನು ತಡೆಯುವುದಿಲ್ಲ. ಇಮೇಜನ್ನು 4 ಜಿಬಿ ಇಂಡಸ್ಟ್ರಿಯಲ್ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೆ ಬರೆದು, 40 ಪಿನ್ ಅಡಾಪ್ಟರ್ ಮೇಲೆ ಕೂರಿಸುತ್ತೇನೆ. ಎಡವುವುದು ಮೂರು ಕಡೆ. ಕ್ಯಾಮೆರಾದ ಕಾರ್ಡ್ ತನ್ನನ್ನು 'ರಿಮೂವಬಲ್' ಎಂದು ಹೇಳಿಕೊಳ್ಳುತ್ತದೆ, ಹಾಗಾಗಿ 'ಫಿಕ್ಸ್ಡ್ ಡಿಸ್ಕ್' ಮೋಡಿನದ್ದೇ ಬೇಕು. ಕಾರ್ಡಿನ ಒಟ್ಟು ಸೆಕ್ಟರ್ ಹಳೇ ಡಿಸ್ಕಿಗಿಂತ ಒಂದೂ ಕಡಿಮೆ ಇರಬಾರದು, ಮೇಲೆ ಬರೆದ ಜಿಬಿ ನಂಬಿ ಕೊಳ್ಳಬೇಡಿ. ಬಯಾಸ್‌ನಲ್ಲಿ (ಪಿಸಿ ಶುರುವಾಗುವಾಗಿನ ಸೆಟ್ಟಿಂಗ್) ಡಿಸ್ಕ್ ಓದುವ ವಿಧಾನ ಎಲ್‌ಬಿಎ ಇತ್ತೋ ಲಾರ್ಜ್ ಇತ್ತೋ ನೋಡಿಟ್ಟುಕೊಳ್ಳಿ. ಅದು ಬೇರೆಯಾದರೆ ಇಮೇಜ್ ಸರಿ ಇದ್ದರೂ ಬೂಟ್ ಆಗುವುದಿಲ್ಲ.

ಮುಂದಿನದು ಪಿಸಿಯ ಪವರ್ ಸಪ್ಲೈ, ಎಸ್‌ಎಂಪಿಎಸ್. ಲೋಡ್ ಇರುವಾಗಲೇ ಮೀಟರ್ ಹಿಡಿದು ನೋಡಬೇಕು: 5 ವೋಲ್ಟ್ ಲೈನ್ 4.75ರಿಂದ 5.25ರ ಒಳಗಿರಬೇಕು. ಅಂಗಡಿಯಿಂದ ಹೊಸ ಎಸ್‌ಎಂಪಿಎಸ್ ತಂದು ಹಾಕಿದ ಮೇಲೆ ಪಿಸಿ ಚೆನ್ನಾಗಿ ಬೂಟ್ ಆಗಿಯೂ ಕಾರ್ಡ್ ಮಾತ್ರ ಸತ್ತಂತಿದ್ದರೆ, ಕನೆಕ್ಟರಿನ ಬಿಳಿ ವೈರ್ ನೋಡಿ. ಕೆಲವು ಐಎಸ್‌ಎ ಕಾರ್ಡ್‌ಗಳಿಗೆ ಮೈನಸ್ 5 ವೋಲ್ಟ್ ಬೇಕು, ಹೊಸ ಎಸ್‌ಎಂಪಿಎಸ್‌ಗಳಲ್ಲಿ ಆ ಲೈನೇ ಇರುವುದಿಲ್ಲ. ಬೋರ್ಡಿನ ಮೇಲೆ ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟ್, 105 ಡಿಗ್ರಿಯ ಲೋ ಇಎಸ್‌ಆರ್ (ಒಳ ರೋಧ ಕಡಿಮೆ ಇರುವುದು) ಹಾಕಬೇಕು. ಏಪ್ರಿಲ್, ಮೇನಲ್ಲಿ ಹೊರಗೇ 40 ಡಿಗ್ರಿ ದಾಟುವ ಊರು ಇದು, 85 ಡಿಗ್ರಿಯದು ಬಾಳುವುದಿಲ್ಲ.

ಬಯಾಸ್ ಸೆಟ್ಟಿಂಗ್ ಕಾಯುವ ನಾಣ್ಯದಂಥ ಸಿಆರ್ 2032 ಸೆಲ್ 2.8 ವೋಲ್ಟಿಗಿಂತ ಇಳಿದರೆ ಬದಲಿಸಿಬಿಡುತ್ತೇನೆ. ಸೆಲ್ ಸತ್ತರೆ ತಾರೀಖು ಮಾತ್ರವಲ್ಲ, ಐಎಸ್‌ಎ ಕಾರ್ಡಿಗೆ ಮೀಸಲಿಟ್ಟ ಐಆರ್‌ಕ್ಯೂ (ಪ್ರೊಸೆಸರ್ ಕರೆಯುವ ಲೈನ್) ಸೆಟ್ಟಿಂಗೂ ಹೋಗುತ್ತದೆ. ಬಯಾಸ್‌ನ ಪ್ರತಿ ಪುಟದ ಫೋಟೋ ತೆಗೆದು, ಪ್ರಿಂಟ್ ಹಾಕಿ, ಕ್ಯಾಬಿನೆಟ್ ಬಾಗಿಲಿನ ಒಳಗೆ ಅಂಟಿಸಿದ್ದೇನೆ.

ಧೂಳಿನ ವಿಷಯದಲ್ಲಿ ನನಗೆ ಉದಾಸೀನ ಸಹಿಸಲು ಆಗುವುದಿಲ್ಲ. ಇಲ್ಲಿಯದು ಹೊಲದ ಮಣ್ಣಲ್ಲ, ಕಬ್ಬಿಣ ಮತ್ತು ಕಲ್ಲಿದ್ದಲಿನ ಪುಡಿ, ಕರೆಂಟ್ ಹರಿಸುತ್ತದೆ. ಪ್ಲಾಂಟ್ ಏರ್ ಲೈನಿನಿಂದ ಊದುವವರನ್ನು ತಡೆಯುತ್ತೇನೆ: ಅದರಲ್ಲಿ ನೀರು, ಎಣ್ಣೆ ಎರಡೂ ಬರುತ್ತವೆ, ಪುಡಿ ಸ್ಲಾಟಿನೊಳಗೇ ಹೋಗಿ ಅಂಟುತ್ತದೆ. ಮೆದು ಬ್ರಷ್‌ನಿಂದ ಎಬ್ಬಿಸಿ ವ್ಯಾಕ್ಯೂಮ್‌ನಿಂದ ಎಳೆಯಬೇಕು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕು. ಕಾರ್ಡಿನ ಚಿನ್ನದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ ಕೂರಿಸಿ.

ಈ ಪಿಸಿಯನ್ನು ಆಫೀಸ್ ನೆಟ್‌ವರ್ಕಿಗೆ ಜೋಡಿಸುವ ಮಾತೇ ಇಲ್ಲ. ಎನ್‌ಟಿ 4ಕ್ಕೆ 2004ರ ಕೊನೆಗೇ ಬೆಂಬಲ ನಿಂತಿದೆ, ವೈರಸ್ ತಡೆಯುವ ಅಪ್‌ಡೇಟ್ ಬರುವುದಿಲ್ಲ.

ಸ್ಪೇರ್ ಪಿಸಿ ಕಪಾಟಿನಲ್ಲಿದ್ದರೆ ಸಾಲದು, ಸುಮ್ಮನೆ ಇಟ್ಟ ಕೆಪಾಸಿಟರೂ ಕೆಡುತ್ತದೆ. ಮೂರು ತಿಂಗಳಿಗೊಮ್ಮೆ ಒಂದು ದಿನ ಆನ್ ಮಾಡಿ ಬಿಡುತ್ತೇನೆ. ಶಟ್‌ಡೌನ್ ಬಂದಾಗ ಅದಕ್ಕೇ ಡಾಂಗಲ್, ಕೇಬಲ್ ಹಾಕಿ, ಸ್ಕ್ರೀನಿನ ಒಂದೊಂದು ಟೆಂಪರೇಚರನ್ನೂ ಫೀಲ್ಡ್ ಮೀಟರ್ ಜೊತೆ ತಾಳೆ ನೋಡಿ ತಾರೀಖು ಬರೆದಿಡುತ್ತೇನೆ.