ಐವತ್ತನಾಲ್ಕರ ಗೆರೆ

ನನ್ನ ಪಿಎಚ್‌.ಡಿ. ಅರ್ಧಕ್ಕೆ ಬಂದಾಗ ನನ್ನ ಗೈಡ್ ನಿವೃತ್ತರಾದರು. ಮೂರು ಅಧ್ಯಾಯ ಬರೆದಾಗಿತ್ತು. ಹೊಸ ಗೈಡ್ ಹುಡುಕಿ, ಕಾಗದಪತ್ರಕ್ಕೆ ಓಡಾಡಿ, ಒಪ್ಪಿಗೆ ಬರುವ ಹೊತ್ತಿಗೆ 14 ತಿಂಗಳು ಹೋಗಿತ್ತು. ಹೊಸಬರಿಗೆ ನನ್ನ ವಿಷಯ ದೂರದ್ದು. ಅಧ್ಯಾಯ ಕೊಟ್ಟರೆ ಸಹಿ ಹಾಕಿ ಕೊಡುತ್ತಿದ್ದರು, ಓದುತ್ತಿರಲಿಲ್ಲ. 2016ರಲ್ಲಿ ಪದವಿ ಬಂತು, ಸಂತೋಷವೂ ಆಯಿತು. ಆದರೆ ಆ 14 ತಿಂಗಳು ಮನಸ್ಸಿನಿಂದ ಹೋಗಿಲ್ಲ.

ನಾನು ಮಲೆನಾಡಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕೆಲಸಕ್ಕೆ ಸೇರಿದ್ದು 2009ರಲ್ಲಿ, ಆಗ 33 ವರ್ಷ. ಈಗ 49. ಅಸೋಸಿಯೇಟ್ ಪ್ರೊಫೆಸರ್ ಆಗಿ ಎರಡು ವರ್ಷ ಆಯಿತು. ಆ ಆದೇಶ ಕೈಗೆ ಬಂದ ದಿನದಿಂದ ಎಲ್ಲರದ್ದೂ ಒಂದೇ ಪ್ರಶ್ನೆ: 'ಮುಂದೇನು ಮೇಡಂ? ಪ್ರಿನ್ಸಿಪಾಲಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸಲದ ದಸರಾ ರಜೆಯಲ್ಲಿ ಒಂದು ನೋಟ್‌ಬುಕ್ ತಗೊಂಡು ಕೂತೆ.

ಮೊದಲು ವಯಸ್ಸಿನ ಲೆಕ್ಕ. ನಮಗೆ ನಿವೃತ್ತಿ 60ಕ್ಕೆ. ಅಂದರೆ 2036, ಇನ್ನೂ 11 ವರ್ಷ ಇದೆ ಅಂತ ಆರಾಮಾಗಿದ್ದೆ. ಆಮೇಲೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ 2022ರ ಪಿಎಚ್‌.ಡಿ. ನಿಯಮ ತೆಗೆದು ಓದಿದೆ. ಸೇವೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸ ಸಂಶೋಧನಾ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಅಲ್ಲಿಗೆ ನನ್ನ ಬಾಗಿಲು 57ಕ್ಕೇ ಮುಚ್ಚಿತು. ಅದೇ ನಿಯಮದಲ್ಲಿ ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಆರು ವರ್ಷದವರೆಗೆ ಅವಕಾಶ. ನಮ್ಮ ಕಡೆ ಬಹಳ ಮಂದಿ ಕೆಲಸ ಮಾಡಿಕೊಂಡೇ ಸಂಶೋಧನೆ ಮಾಡುವವರು. ಮೂರು ವರ್ಷಕ್ಕೆ ಮುಗಿಸುವವರು ನನಗೆ ಯಾರೂ ಗೊತ್ತಿಲ್ಲ. ಹಾಗಾದರೆ 57ಕ್ಕೆ ಒಬ್ಬರನ್ನು ತೆಗೆದುಕೊಂಡರೆ ಏನಾಗುತ್ತದೆ? ನನಗಾದದ್ದೇ ಅವರಿಗೂ ಆಗುತ್ತದೆ. ನಿವೃತ್ತಿಯಾದ ಮೇಲೆ ಸಹ ಮಾರ್ಗದರ್ಶಕರಾಗಿ ಇರಬಹುದು ಅಂತ ನಿಯಮ ಹೇಳುತ್ತದೆ, ನಿಜ. ಆದರೆ ಮುಖ್ಯ ಗೈಡ್ ಬೇರೆಯವರಾಗುತ್ತಾರೆ, ಹುಡುಗಿಯೋ ಹುಡುಗನೋ ಇಬ್ಬರ ನಡುವೆ ಓಡಾಡಬೇಕು.

ಅವತ್ತೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಕೊನೆಯ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವುದು ನನ್ನ 54ಕ್ಕೆ, 2030ಕ್ಕೆ. ಆರು ವರ್ಷ ಪೂರ್ತಿ ಹಿಡಿದರೂ ನಾನು ಕೆಲಸದಲ್ಲಿ ಇರುವಾಗಲೇ ಅವರದು ಮುಗಿಯಬೇಕು. ಅಸೋಸಿಯೇಟ್ ಪ್ರೊಫೆಸರ್‌ಗೆ ಒಟ್ಟಿಗೆ ಆರು ಮಂದಿಯವರೆಗೆ ಅವಕಾಶ ಇದೆ. ನಾನು ಎರಡು ಅಂತ ಬರೆದುಕೊಂಡೆ. ಎರಡು ಮಂದಿಯ ಬರಹವನ್ನು ಸಾಲು ಸಾಲಾಗಿ ಓದಬಲ್ಲೆ. ಆರು ಮಂದಿಯದ್ದು ಆಗುವುದಿಲ್ಲ.

ಈ ಗೆರೆ ಎಳೆದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಸ್ಪಷ್ಟವಾಯಿತು.

ಎರಡು ವಾರ ಗಂಟೆಗಳ ಲೆಕ್ಕ ಬರೆದೆ. ವಾರಕ್ಕೆ ಪಾಠ 16 ಗಂಟೆ. ಪಾಠದ ತಯಾರಿ ಸುಮಾರು 8. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕಡತ, ವಿಶ್ವವಿದ್ಯಾಲಯದ ಜಾಲತಾಣ ಯುಯುಸಿಎಂಎಸ್‌ನಲ್ಲಿ ಅಂಕ ತುಂಬುವುದು, ಸಮಿತಿ ಸಭೆ, ಸ್ಕಾಲರ್‌ಶಿಪ್ ಅರ್ಜಿ, ಇವೆಲ್ಲ ಸೇರಿ 17. ನನ್ನ ಸ್ವಂತ ಓದು-ಬರಹ ಎರಡು ಗಂಟೆ, ಅದೂ ಭಾನುವಾರ. ತಯಾರಿ ಜಾಸ್ತಿ ಆಗಿದ್ದಕ್ಕೆ ಕಾರಣ ಇದೆ. 2021ರಲ್ಲಿ ನಾಲ್ಕು ವರ್ಷದ ಪದವಿಯ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂದಾಗ ಪಠ್ಯ ಪೂರ್ತಿ ಬದಲಾಯಿತು, 2024ರಲ್ಲಿ ಮೂರು ವರ್ಷದ ಪದವಿಗೆ ವಾಪಸ್ ಬಂದಾಗ ಮತ್ತೊಮ್ಮೆ. ಮೂರು ವರ್ಷದಲ್ಲಿ ಎರಡು ಸಲ ಹೊಸ ನೋಟ್ಸ್ ಮಾಡಿದ್ದೇನೆ. ಅದನ್ನು ಕಡಿಮೆ ಮಾಡುವಂತಿಲ್ಲ, ಮಕ್ಕಳ ಪಾಠ ಅದು.

ಕಡಿಮೆ ಮಾಡಬಹುದಾದದ್ದು ಆ 17. ನಾಲ್ಕು ಸಮಿತಿಯಲ್ಲಿದ್ದೆ. ಪ್ರಿನ್ಸಿಪಾಲರ ಹತ್ತಿರ ಹೋಗಿ ಹೇಳಿದೆ: 'ಸರ್, ನ್ಯಾಕ್ ಕೆಲಸ ಪೂರ್ತಿ ನನಗೇ ಇರಲಿ, ಚೆನ್ನಾಗಿ ಮಾಡಿಕೊಡ್ತೀನಿ. ಉಳಿದ ಮೂರರಿಂದ ಬಿಡಿಸಿ.' ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದ್ದಕ್ಕೆ ಒಪ್ಪಿದರು ಅನ್ನಿಸುತ್ತದೆ. ಬರೀ ಆಗೋದಿಲ್ಲ ಅಂದಿದ್ದರೆ ಕೇಳುತ್ತಿರಲಿಲ್ಲ. ವಾರಕ್ಕೆ ಏಳು ಗಂಟೆ ಉಳಿಯಿತು.

ಪ್ರಿನ್ಸಿಪಾಲ್ ಹುದ್ದೆಯ ಆಸೆಯನ್ನೂ ಆಗಲೇ ಬಿಟ್ಟೆ. ಒಳ್ಳೆಯ ಪ್ರಿನ್ಸಿಪಾಲ್ ಕಾಲೇಜಿಗೆ ತುಂಬ ಮುಖ್ಯ, ಆ ಕೆಲಸವನ್ನು ಮನಸಾರೆ ಮಾಡುವವರಿದ್ದಾರೆ. ನನ್ನ ಮನಸ್ಸು ಬೇರೆ ಕಡೆ ಇತ್ತು.

ಆ ಬೇರೆ ಕಡೆ ಅಂದರೆ ಕೆರೆ. 1904ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಪ್ರಕಟಿಸಿದ, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೇ ಸಂಪುಟದಲ್ಲಿ ಸಾಗರ, ಸೊರಬ, ನಗರ, ತೀರ್ಥಹಳ್ಳಿ ಕಡೆಯ ಶಾಸನಗಳಿವೆ. ನಮ್ಮ ಸೊರಬದ ಶಾಸನಗಳೇ ರಾಶಿ ಇವೆ. ಪಿಎಚ್‌.ಡಿ. ದಿನಗಳಿಂದ ಆ ಸಂಪುಟ ನನ್ನ ಮೇಜಿನ ಮೇಲಿದೆ. ಕೆರೆ ಕಟ್ಟಿಸಿದವರಿಗೆ, ಕೆರೆ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಗೆ ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಅಂತೆಲ್ಲ ಹೆಸರಿದೆ. ಶಾಸನದಲ್ಲಿ ಹೆಸರು ಇರುವ ಕೆರೆಗಳಲ್ಲಿ ಇವತ್ತು ಯಾವುದರಲ್ಲಿ ನೀರು ನಿಲ್ಲುತ್ತದೆ? ತೂಬು ಎಲ್ಲಿದೆ? ಕೋಡಿ ಎಲ್ಲಿ ಹರಿಯುತ್ತದೆ? ನೋಡಿಕೊಳ್ಳುವುದಕ್ಕೆ ಬಿಟ್ಟ ಆ ಗದ್ದೆ ಈಗ ಯಾವ ಹೆಸರಿನಲ್ಲಿದೆ? ಇದಕ್ಕೆ ದೊಡ್ಡ ಗ್ರಂಥಾಲಯ ಬೇಡ, ದೊಡ್ಡ ಊರು ಬೇಡ. ಇಲ್ಲೇ ಇರುವವರು, ಊರಿನ ಹಿರಿಯರ ಜೊತೆ ಏರಿಯ ಮೇಲೆ ನಡೆಯುವವರು ಬೇಕು. ಬೆಂಗಳೂರಿನ ಹತ್ತಿರಕ್ಕೆ ವರ್ಗಾವಣೆ ಕೇಳಬೇಕು ಅಂತ ಹತ್ತು ವರ್ಷ ಅಂದುಕೊಂಡಿದ್ದೆ. ನೋಟ್‌ಬುಕ್ಕಿನಲ್ಲಿ ಆ ಸಾಲನ್ನೂ ಹೊಡೆದುಹಾಕಿದೆ.

ವರ್ಷವನ್ನು ಕೆರೆಯ ಪ್ರಕಾರವೇ ಹಂಚಿಕೊಂಡಿದ್ದೇನೆ. ಮಾರ್ಚ್-ಏಪ್ರಿಲ್‌ನಲ್ಲಿ ನೀರು ಇಳಿದಿರುತ್ತದೆ, ತೂಬಿನ ಕಲ್ಲು ಕಾಣುತ್ತದೆ, ಓಡಾಟ ಆಗ. ಮಳೆಗಾಲ ಬರೆಯುವುದಕ್ಕೆ. ಎಂ.ಎ. ಮಕ್ಕಳು ಜೊತೆಗೆ ಬರುತ್ತಾರೆ. ಶಾಸನದ ಕೆರೆಗಳ ಪಟ್ಟಿ ಹಿಡಿದು ಹೊರಡುವ ಮೊದಲೇ, ಹೋದ ಬೇಸಿಗೆಯಲ್ಲಿ ಸುಮ್ನೆ ನೋಡೋಣ ಅಂತ 11 ಕೆರೆ ಸುತ್ತಿದ್ದೆವು. ಒಂದು ಕಡೆ ಗದ್ದೆ ಬದುವಿನಲ್ಲಿ ಮಕಾಡೆ ಬಿದ್ದಿದ್ದ ವೀರಗಲ್ಲನ್ನು ನನ್ನ ವಿದ್ಯಾರ್ಥಿಯೊಬ್ಬ ಗುರುತಿಸಿದ. ಅವನ ಮುಖ ನೋಡಬೇಕಿತ್ತು.

ಬಡ್ತಿಯ ವಿಷಯವನ್ನೂ ಬಿಟ್ಟಿಲ್ಲ. 2018ರ ಯುಜಿಸಿ ನಿಯಮದಲ್ಲಿ ಪ್ರೊಫೆಸರ್ ಆಗಲು 10 ಪ್ರಕಟಿತ ಲೇಖನ ಬೇಕು, ಅದರಲ್ಲಿ ಮೂರು ಬಡ್ತಿಗೆ ಲೆಕ್ಕ ಹಿಡಿಯುವ ಅವಧಿಯವು. ನನ್ನವು ಆರು ಇವೆ. ಕೆರೆಯ ಕೆಲಸದಿಂದ ನಾಲ್ಕು ಬಂದೇ ಬರುತ್ತವೆ. ಲೇಖನಕ್ಕಾಗಿ ಬೇರೆ ವಿಷಯ ಹುಡುಕಲು ಹೋಗುವುದಿಲ್ಲ.

ದುಡ್ಡಿನ ಲೆಕ್ಕ ಬೇಗ ಮುಗಿಯಿತು. 2006ರ ಏಪ್ರಿಲ್ ನಂತರ ಸೇರಿದವರು ನಾವು, ನಮಗೆ ರಾಷ್ಟ್ರೀಯ ಪಿಂಚಣಿ ಯೋಜನೆ, ಅಂದರೆ ಎನ್‌ಪಿಎಸ್. ಹಳೆಯವರ ಹಾಗೆ ನಿಗದಿಯಾದ ಪಿಂಚಣಿ ಇಲ್ಲ. ಮಗಳ ಓದು ಇನ್ನೆರಡು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆ ಫೀಸಿನ ದುಡ್ಡನ್ನು ಹಾಗೆಯೇ ಉಳಿತಾಯಕ್ಕೆ ಹಾಕುವುದು ಅಂತ ನಾನು, ನಮ್ಮ ಮನೆಯವರು ಕೂತು ತೀರ್ಮಾನ ಮಾಡಿದೆವು.

ಹೋದ ತಿಂಗಳು ಮೊದಲನೆಯವಳು ಬಂದಳು. ಹೈಸ್ಕೂಲಿನಲ್ಲಿ ಟೀಚರ್, ನಮ್ಮಲ್ಲೇ ಎಂ.ಎ. ಮಾಡಿದವಳು. ವಿಷಯ ಮಾತಾಡುವ ಮೊದಲು ನೋಟ್‌ಬುಕ್ ತೆಗೆದು ಅವಳ ಮುಂದಿಟ್ಟೆ. 'ನೋಡಮ್ಮ, ನಾನು ನಿವೃತ್ತಿಯಾಗೋದು 2036ಕ್ಕೆ. ನೀನು ಈಗ ಶುರು ಮಾಡಿದರೆ 2031ರೊಳಗೆ ಮುಗಿಯಬೇಕು. ಅಲ್ಲಿವರೆಗೂ ನಾನು ಇಲ್ಲೇ ಇರ್ತೀನಿ.'

ಅವಳು ಇಸವಿಗಳನ್ನು ತನ್ನ ಡೈರಿಯಲ್ಲಿ ಬರೆದುಕೊಂಡಳು. 'ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಕೊಡ್ತೀರಿ ಮೇಡಂ?' ಅಂತ ಕೇಳಿದಳು.

ಮೂರು ವಾರ ಅಂದೆ. ಅದನ್ನೂ ಬರೆದುಕೊಂಡಳು.