ಕೋಳಿಗಾಗಿ ಹುಳ ಸಾಕಿದ್ದು: ನನ್ನ ಅನುಭವ

ನಮ್ಮದು ತಿಪಟೂರಿನ ಕಡೆ ತೆಂಗಿನ ತೋಟ, ಜೊತೆಗೆ ಅರವತ್ತು ನಾಟಿ ಕೋಳಿ. ಫೀಡಿನ ಖರ್ಚು ಕೈ ಮೀರಿದಾಗ ಕಪ್ಪು ಸೈನಿಕ ನೊಣದ ಹುಳ ಸಾಕೋಣ ಅನ್ನಿಸಿತು. ಇಂಗ್ಲಿಷ್‌ನಲ್ಲಿ ಬ್ಲ್ಯಾಕ್ ಸೋಲ್ಜರ್ ಫ್ಲೈ, ಚಿಕ್ಕದಾಗಿ ಬಿಎಸ್‌ಎಫ್ ಅಂತಾರಲ್ಲ, ಅದೇ. ಕೊಳೆತ ಹಣ್ಣು, ತರಕಾರಿ ತಿಂದು ಬೆಳೆಯುತ್ತೆ, ಒಣಗಿಸಿದರೆ ಸುಮಾರು ಶೇ 40ರಷ್ಟು ಪ್ರೋಟೀನ್.

ಮೊದಲ ಹೆಜ್ಜೆಯಲ್ಲೇ ತಪ್ಪು ಮಾಡುವವನಿದ್ದೆ. ಹೊರದೇಶದ ಒಬ್ಬ ಮಾರಾಟಗಾರ ನೊಣದ ಮೊಟ್ಟೆ ಕಳಿಸುತ್ತೇನೆ, ಡಬ್ಬಿ ಮೇಲೆ ಮೀನಿನ ಆಹಾರ ಅಂತ ಬರೆಯುತ್ತೇನೆ, ಯಾರೂ ಕೇಳಲ್ಲ ಅಂದ. ಸದ್ಯ, ದುಡ್ಡು ಕಳಿಸೋ ಮುಂಚೆ ನಿಯಮ ಓದಿದೆ. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಜೀವಂತ ಕೀಟ ತರಿಸಬೇಕಾದರೆ ಕೇಂದ್ರದ ಸಸ್ಯ ಸಂರಕ್ಷಣಾ ಸಲಹೆಗಾರರ ಪರ್ಮಿಟ್ ಮೊದಲೇ ಕೈಯಲ್ಲಿರಬೇಕು. ಅದು ಬೇಕೇ ಬೇಕು ಅಂತ ನಾನೂ ಹೇಳುತ್ತೇನೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯ ಹಿಟ್ಟು ತಿಗಣೆ ಅನ್ನೋ ಕೀಟ ಹೇಗೋ ಹೊರಗಿನಿಂದ ಬಂದದ್ದು, ಪಪ್ಪಾಯ ಅಷ್ಟೇ ಅಲ್ಲ, ರೇಷ್ಮೆಯವರ ಹಿಪ್ಪುನೇರಳೆಯನ್ನೂ ಹಾಳು ಮಾಡಿತು, ಕೊನೆಗೆ ಬೆಂಗಳೂರಿನ ಹೆಬ್ಬಾಳದ ಕೀಟ ಸಂಶೋಧನಾ ಸಂಸ್ಥೆಯವರು 2010ರಲ್ಲಿ ಪೋರ್ಟೊ ರಿಕೊದಿಂದ ಆ ತಿಗಣೆಯನ್ನು ಕೊಲ್ಲುವ ಪುಟ್ಟ ಕಣಜದ ಹುಳುಗಳನ್ನು ತರಿಸಿ, ಪರೀಕ್ಷೆ ಮಾಡಿ ಬಿಟ್ಟ ಮೇಲೆ ಅದು ಹತೋಟಿಗೆ ಬಂತು.

ಅಷ್ಟಕ್ಕೂ ನಮಗೆ ಬೇಕಾದ ನೊಣ ನಮ್ಮ ತಿಪ್ಪೆಯಲ್ಲೇ ಇದೆ! ಒಂದು ಬಕೆಟ್‌ನಲ್ಲಿ ಕೊಳೆತ ಬಾಳೆಹಣ್ಣು, ಹಲಸಿನ ಸಿಪ್ಪೆ, ನೆನೆಸಿದ ಬೂಸಾ ಹಾಕಿ ನೆರಳಲ್ಲಿ ಇಟ್ಟೆ. ಮೇಲೆ ರಟ್ಟಿನ ಡಬ್ಬದ ತುಂಡುಗಳನ್ನು ಕಟ್ಟಿದೆ, ಅದರ ಅಂಚಿನಲ್ಲಿ ಸಾಲುಸಾಲು ತೂತು ಇರುತ್ತಲ್ವಾ, ಹೆಣ್ಣು ನೊಣ ಅಲ್ಲೇ ಮೊಟ್ಟೆ ಇಡೋದು. ಎಂಟನೇ ದಿನ ಟಾರ್ಚ್ ಹಾಕಿ ನೋಡಿದರೆ ತೂತಿನೊಳಗೆ ಕೆನೆ ಬಣ್ಣದ ಸಣ್ಣ ಗೊಂಚಲು. ಒಂದು ಗೊಂಚಲಲ್ಲಿ ಸುಮಾರು 500 ಮೊಟ್ಟೆ, ನಾಲ್ಕು ದಿನಕ್ಕೆ ಮರಿ.

ಮೊದಲ ಬ್ಯಾಚ್ ಪೂರ್ತಿ ಹೋಯಿತು. ಉಳಿದ ಸಾರು, ಗಂಜಿ ಎಲ್ಲ ಸುರಿದಿದ್ದೆ, ನೀರು ಜಾಸ್ತಿಯಾಗಿ ನಾತ ಹೊಡೆಯಿತು, ಹುಳಗಳು ಗೋಡೆ ಹತ್ತಿ ಓಡಿದವು, ಮಿಕ್ಕವನ್ನು ಇರುವೆ ಮುಗಿಸಿತು. ಅಮ್ಮ ಮೂಗು ಮುಚ್ಚಿಕೊಂಡು, "ಮನೆ ಹತ್ರ ಇಡಬೇಡಪ್ಪ ಇದನ್ನ" ಅಂದರು. ಈಗ ಹುಳ ಸಾಕುವ ಟಬ್‌ನ ನಾಲ್ಕೂ ಕಾಲಿನ ಕೆಳಗೆ, ಇರುವೆ ಹತ್ತದ ಹಾಗೆ, ನೀರಿನ ಬಟ್ಟಲು ಇಟ್ಟಿದ್ದೇನೆ. ತಿನಿಸನ್ನು ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಅಷ್ಟೇ. ಜಾಸ್ತಿಯಾದರೆ ಬೂಸಾ ಬೆರೆಸುತ್ತೇನೆ.

ಹದಿನೈದು ಇಪ್ಪತ್ತು ದಿನಕ್ಕೆ ಹುಳ ಕಪ್ಪಾಗಿ, ಒಣ ಜಾಗ ಹುಡುಕಿಕೊಂಡು ತಾನೇ ಮೇಲೆ ಹತ್ತುತ್ತೆ. ಅದಕ್ಕೇ ಟಬ್‌ಗೆ ಓರೆಯಾಗಿ ಒಂದು ಪಿವಿಸಿ ಪೈಪ್ ಕೂರಿಸಿದ್ದೇನೆ, ಹತ್ತಿ ಬಂದವು ಆ ತುದಿಯಲ್ಲಿ ಬಕೆಟ್‌ಗೆ ಬೀಳುತ್ತವೆ. ಅದರಲ್ಲಿ ಎರಡು ಹಿಡಿ ಎತ್ತಿಟ್ಟು ಸೊಳ್ಳೆ ಪರದೆಯ ಗೂಡಿಗೆ ಬಿಡುತ್ತೇನೆ, ಅಲ್ಲಿ ಅವು ನೊಣಗಳಾಗುತ್ತವೆ. ಗೂಡಿಗೆ ಬಿಸಿಲು ಬೀಳಲೇಬೇಕು, ಇಲ್ಲದಿದ್ದರೆ ನೊಣಗಳು ಜೋಡಿಯಾಗುವುದೇ ಇಲ್ಲ.

ಪಕ್ಕದ ತೋಟದವರು ಬಂದು, "ಇದನ್ನೇ ಪುಡಿ ಮಾಡಿ ಜನಕ್ಕೆ ಪ್ರೋಟೀನ್ ಪೌಡರ್ ಅಂತ ಮಾರಬಹುದಲ್ಲಣ್ಣ" ಅಂದರು. ಇಲ್ಲ ಅಂದೆ. ಜನರು ತಿನ್ನೋಕೆ ಮಾರಬೇಕಾದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಒಪ್ಪಿಗೆ ಮೊದಲು ಬೇಕು, ಕಸ ತಿಂದ ಹುಳವನ್ನು ನಾನಂತೂ ಯಾರಿಗೂ ಕೊಡಲ್ಲ. ಕೋಳಿಗೆ ಸಾಕು. ಫೀಡ್ ಪೂರ್ತಿ ನಿಲ್ಲಿಸಿಲ್ಲ, ಬೆಳಿಗ್ಗೆ ಮಾತ್ರ ಹುಳ ಹಾಕುತ್ತೇನೆ. ಈಗೀಗ ಬೆಳಕು ಹರಿಯೋ ಮುಂಚೆಯೇ ನಾಲ್ಕೈದು ಹೇಂಟೆಗಳು ಬಂದು ಪೈಪಿನ ಬಾಯಿಗೇ ಕೊಕ್ಕು ಇಟ್ಟುಕೊಂಡು ನಿಂತಿರುತ್ತವೆ.