ವಿಮಾನ ಹೊರಡುವ ಸಮಯ ಬಿಡಿ, ಗೇಟ್ ಮುಚ್ಚುವ ಸಮಯ ನೋಡಿ

ಟಿಕೆಟ್ ಮೇಲೆ ಬೆಳಿಗ್ಗೆ 10:40 ಅಂತ ಇರುತ್ತದೆ. ಹೆಚ್ಚಿನವರು ಎಲ್ಲ ಲೆಕ್ಕವನ್ನೂ ಆ 10:40ರಿಂದಲೇ ಶುರು ಮಾಡುತ್ತಾರೆ. ತಪ್ಪುವುದು ಅಲ್ಲೇ. 10:40 ಅಂದರೆ ವಿಮಾನ ನಿಂತ ಜಾಗದಿಂದ ಕದಲುವ ಹೊತ್ತು. ಅಷ್ಟರೊಳಗೆ ಎಲ್ಲರೂ ಹತ್ತಿ, ತಲೆ ಎಣಿಸಿ, ಬಾರದವರ ಲಗೇಜ್ ಇಳಿಸಿ, ಬಾಗಿಲು ಹಾಕಿ ಆಗಿರಬೇಕು. ಅದಕ್ಕೇ ಗೇಟ್ ಸಾಮಾನ್ಯವಾಗಿ 15ರಿಂದ 25 ನಿಮಿಷ ಮೊದಲೇ ಮುಚ್ಚುತ್ತದೆ. ಲಗೇಜ್ ತಗೊಳ್ಳುವ ಕೌಂಟರ್ ಅದಕ್ಕಿಂತಲೂ ಮುಂಚೆ, ವಿದೇಶಕ್ಕಾದರೆ ಬಹಳಷ್ಟು ಕಡೆ ಒಂದು ಗಂಟೆ ಮೊದಲು ಬಂದ್ ಆಗುತ್ತದೆ. ಒಂದೇ ನಿಮಿಷ ತಡವಾದರೂ ಅಲ್ಲಿ ಬೇಡಿಕೊಂಡು ಪ್ರಯೋಜನ ಇಲ್ಲ, ಏಕೆಂದರೆ ಕಂಪ್ಯೂಟರ್‌ನಲ್ಲೇ ಆ ಫ್ಲೈಟ್ ಮುಚ್ಚಿಹೋಗಿರುತ್ತದೆ.

ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಿ. ಗೇಟ್ 10:20ಕ್ಕೆ ಮುಚ್ಚುತ್ತದೆ ಅಂದುಕೊಳ್ಳಿ. ದೊಡ್ಡ ಏರ್‌ಪೋರ್ಟ್‌ನಲ್ಲಿ ಸೆಕ್ಯೂರಿಟಿ ದಾಟಿದ ಮೇಲೆ ಗೇಟ್‌ವರೆಗೆ ನಡೆಯಲು 20 ನಿಮಿಷ ಇಟ್ಟುಕೊಳ್ಳಿ. ಸೆಕ್ಯೂರಿಟಿ ಮತ್ತು ಇಮಿಗ್ರೇಶನ್ ಸಾಲುಗಳಿಗೆ ಸೇರಿ ಒಂದು ಗಂಟೆ. ಲಗೇಜ್ ಕೊಡುವ ಸಾಲಿಗೆ ಅರ್ಧ ಗಂಟೆ. ಅಂದರೆ ಎಂಟೂವರೆಗೆ ನೀವು ಟರ್ಮಿನಲ್ ಒಳಗೆ ಇರಬೇಕು, ಎಂಟಕ್ಕೇ ಇದ್ದರೆ ಇನ್ನೂ ಒಳ್ಳೆಯದು. ದೇಶದೊಳಗಿನ ಫ್ಲೈಟ್‌ಗೆ ಎರಡು ಗಂಟೆ, ವಿದೇಶಕ್ಕೆ ಮೂರು ಗಂಟೆ ಮೊದಲು ಬನ್ನಿ ಅಂತ ಹೇಳುತ್ತಾರಲ್ಲ, ಅದು ಟರ್ಮಿನಲ್ ಬಾಗಿಲಿನ ಲೆಕ್ಕ. ಪಾರ್ಕಿಂಗ್ ಗೇಟಿನದ್ದಲ್ಲ, ಮೆಟ್ರೋ ಸ್ಟೇಷನ್ನಿನದ್ದೂ ಅಲ್ಲ.

ತಾರೀಖನ್ನು ಒಮ್ಮೆ ಜೋರಾಗಿ ಓದಿಕೊಳ್ಳಿ. 15ನೇ ತಾರೀಖು 00:30ರ ಫ್ಲೈಟ್ ಅಂದರೆ ನೀವು ಮನೆ ಬಿಡಬೇಕಾದ್ದು 14ರ ಸಂಜೆ. 15ರ ರಾತ್ರಿ ಬ್ಯಾಗ್ ಹಿಡಿದು ಬಂದು ನಿಲ್ಲುವವರು ನಿಜವಾಗಿಯೂ ಇದ್ದಾರೆ, ಅಷ್ಟು ಹೊತ್ತಿಗೆ ವಿಮಾನ ಹೋಗಿ ಒಂದು ದಿನವೇ ಆಗಿರುತ್ತದೆ.

ಯಾವ ಏರ್‌ಪೋರ್ಟ್, ಯಾವ ಟರ್ಮಿನಲ್?

ಇದನ್ನು ಮನೆಯಲ್ಲೇ ಖಚಿತ ಮಾಡಿಕೊಳ್ಳಬೇಕು. ದೊಡ್ಡ ನಗರಗಳಿಗೆ ಒಂದೇ ಏರ್‌ಪೋರ್ಟ್ ಇರುವುದಿಲ್ಲ. ಲಂಡನ್ ಹೆಸರಿನಲ್ಲೇ ಹೀಥ್ರೋ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್ ಅಂತ ಆರು ಇವೆ. ಟೋಕಿಯೋದಲ್ಲಿ ಹನೇಡ ಊರಿಗೆ ಹತ್ತಿರ, ನರಿಟ ಮಾತ್ರ ನಗರದ ನಡುಭಾಗದಿಂದ 60 ಕಿಲೋಮೀಟರ್‌ನಷ್ಟು ದೂರ. ನ್ಯೂಯಾರ್ಕ್‌ಗೆ ಹೋಗುವವರು ಇಳಿಯುವ ನೆವಾರ್ಕ್ ಇರುವುದು ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ. ಇಲ್ಲೆಲ್ಲ ನಂಬಬೇಕಾದ್ದು ಊರಿನ ಹೆಸರನ್ನಲ್ಲ, ಟಿಕೆಟ್ ಮೇಲಿನ ಮೂರಕ್ಷರದ ಕೋಡ್ ಅನ್ನು. ಹನೇಡ ಅಂದರೆ ಎಚ್‌ಎನ್‌ಡಿ, ನರಿಟ ಅಂದರೆ ಎನ್‌ಆರ್‌ಟಿ.

ಕೋಡ್ ಸರಿ ಇದ್ದರೂ ಟರ್ಮಿನಲ್ ತಪ್ಪಬಹುದು. ಮುಂಬೈ ಮತ್ತು ದೆಹಲಿಯಲ್ಲಿ ಟರ್ಮಿನಲ್‌ಗಳ ನಡುವೆ ಕಿಲೋಮೀಟರ್‌ಗಟ್ಟಲೆ ರಸ್ತೆ ಇದೆ, ಟ್ರಾಫಿಕ್ ಇದ್ದರೆ ಅರ್ಧ ಗಂಟೆ ಹೋಗಿಬಿಡುತ್ತದೆ. ಹೀಥ್ರೋದಲ್ಲಿ ಈಗ 2, 3, 4, 5 ಅಂತ ನಾಲ್ಕು ಟರ್ಮಿನಲ್‌ಗಳಿವೆ. 2 ಮತ್ತು 3ಕ್ಕೆ ಒಂದೇ ಸ್ಟೇಷನ್, 4 ಮತ್ತು 5ಕ್ಕೆ ಬೇರೆ ಬೇರೆ. ಲಂಡನ್ ಮೆಟ್ರೋದ ಒಂದೇ ಪಿಕಾಡಿಲಿ ಲೈನ್‌ನ ರೈಲುಗಳಲ್ಲಿ ಕೆಲವು 4ಕ್ಕೆ ಹೋಗುತ್ತವೆ, ಕೆಲವು 5ಕ್ಕೆ. ರೈಲಿನ ಮೇಲೆ ಹೀಥ್ರೋ ಅಂತ ಬರೆದಿದೆ ಅಂತ ಹತ್ತಿಬಿಟ್ಟರೆ ಸಾಲದು, ಮುಂದಿನ ಅಂಕಿಯನ್ನೂ ಓದಬೇಕು.

ಇನ್ನೊಂದು ತೊಡಕು ಇದೆ. ಟಿಕೆಟ್ ಕೊಂಡ ಕಂಪನಿ ಒಂದು, ವಿಮಾನ ಹಾರಿಸುವ ಕಂಪನಿ ಇನ್ನೊಂದು ಆಗಿರಬಹುದು. ಒಂದೇ ವಿಮಾನಕ್ಕೆ ಎರಡು ಮೂರು ಫ್ಲೈಟ್ ನಂಬರ್ ಇರುವುದು ಈಗ ತೀರಾ ಸಾಮಾನ್ಯ. ಟಿಕೆಟ್‌ನಲ್ಲಿ ಸಣ್ಣ ಅಕ್ಷರದಲ್ಲಿ ಈ ಫ್ಲೈಟ್ ನಡೆಸುವವರು ಇಂಥವರು ಅಂತ ಬರೆದಿರುತ್ತದೆ. ಟರ್ಮಿನಲ್, ಚೆಕ್-ಇನ್ ಕೌಂಟರ್ ಎಲ್ಲವೂ ಹೆಚ್ಚಾಗಿ ಅವರದ್ದೇ. ಹೊರಡುವ ಹಿಂದಿನ ರಾತ್ರಿ ಏರ್‌ಪೋರ್ಟ್‌ನ ಸ್ವಂತ ವೆಬ್‌ಸೈಟ್‌ನಲ್ಲಿ ಫ್ಲೈಟ್ ನಂಬರ್ ಹಾಕಿ ನೋಡಿದರೆ ಎರಡು ನಿಮಿಷದ ಕೆಲಸ.

ತಲುಪುವುದು

ರೈಲು, ಮೆಟ್ರೋ ಇದ್ದರೆ ನಾನು ಅದನ್ನೇ ಹೇಳುತ್ತೇನೆ. ರಸ್ತೆಗಿಂತ ಬೇಗ ಹೋಗುತ್ತದೆ ಅಂತಲ್ಲ, ಎಷ್ಟು ಹೊತ್ತು ಬೇಕು ಅಂತ ಮೊದಲೇ ಗೊತ್ತಿರುತ್ತದೆ ಅಂತ. ಕ್ಯಾಬ್ ಒಮ್ಮೆ 40 ನಿಮಿಷ ತಗೊಂಡರೆ ಇನ್ನೊಮ್ಮೆ ಮಳೆ ಬಂದು ಎರಡು ಗಂಟೆ ತಗೊಳ್ಳಬಹುದು. ಆದರೆ ಎರಡು ವಿಷಯ ನೋಡಿಕೊಳ್ಳಿ. ಮೊದಲನೆಯದು, ನಸುಕಿನ ಫ್ಲೈಟ್‌ಗೆ ಮೊದಲ ರೈಲು ಎಷ್ಟು ಗಂಟೆಗೆ, ತಡರಾತ್ರಿ ಇಳಿದರೆ ಕೊನೆಯ ರೈಲು ಎಷ್ಟು ಗಂಟೆಗೆ ಅಂತ. ಎರಡನೆಯದು, ಎಷ್ಟು ಕಡೆ ಬದಲಿಸಬೇಕು ಅಂತ. ಎರಡು ದೊಡ್ಡ ಸೂಟ್‌ಕೇಸ್ ಹಿಡಿದು ಮೂರು ಕಡೆ ಮೆಟ್ಟಿಲು ಹತ್ತಿಳಿಯುವುದಕ್ಕಿಂತ, ಹತ್ತು ನಿಮಿಷ ಜಾಸ್ತಿ ಹಿಡಿದರೂ ನೇರವಾಗಿ ಹೋಗುವ ಬಸ್ ವಾಸಿ.

ರಸ್ತೆಯಲ್ಲೇ ಹೋಗುವುದಾದರೆ ಒಂದು ವಾರ ಮೊದಲು, ಸೋಮವಾರವಾದರೆ ಸೋಮವಾರವೇ, ಅದೇ ಹೊತ್ತಿಗೆ ಮೊಬೈಲ್ ಮ್ಯಾಪ್ ತೆರೆದು ಎಷ್ಟು ಹೊತ್ತು ತೋರಿಸುತ್ತದೆ ನೋಡಿ. ಸೋಮವಾರ ಬೆಳಿಗ್ಗೆ ಎಂಟರ ಟ್ರಾಫಿಕ್ ಭಾನುವಾರ ಮಧ್ಯಾಹ್ನ ನೋಡಿದರೆ ಗೊತ್ತಾಗುವುದಿಲ್ಲ. ಡ್ರೈವರ್‌ಗೆ ಟರ್ಮಿನಲ್ ನಂಬರ್ ಜೊತೆಗೆ ನಿರ್ಗಮನ ಅಂತಲೂ ಹೇಳಿ. ಬಹಳಷ್ಟು ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಹೋಗುವವರಿಗೆ ಮೇಲಿನ ರಸ್ತೆ, ಬಂದವರಿಗೆ ಕೆಳಗಿನ ರಸ್ತೆ, ತಪ್ಪು ರಸ್ತೆ ಹಿಡಿದರೆ ಪೂರ್ತಿ ಸುತ್ತಿ ಬರಬೇಕು. ಸ್ವಂತ ಕಾರು ಬಿಟ್ಟು ಹೋಗುವವರು ಕಂಬದ ನಂಬರ್, ಮಹಡಿಯ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ. ದೂರದ ಅಗ್ಗದ ಪಾರ್ಕಿಂಗ್ ಆದರೆ ಅಲ್ಲಿಂದ ಬಸ್ ಬರುವವರೆಗೆ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ.

ಲಗೇಜ್ ಮತ್ತು ಸೆಕ್ಯೂರಿಟಿ

ವೆಬ್ ಚೆಕ್-ಇನ್ ಮನೆಯಲ್ಲೇ ಮಾಡಿ. ಬ್ಯಾಗ್ ಮನೆಯಲ್ಲೇ ತೂಗಿ. ಕೌಂಟರ್ ಮುಂದೆ ಸೂಟ್‌ಕೇಸ್ ಬಿಚ್ಚಿ ಬಟ್ಟೆ ಆಚೀಚೆ ಹಾಕುವುದು ಯಾರಿಗೂ ಬೇಡ.

ಬ್ಯಾಗಿಗೆ ಅಂಟಿಸುವ ಪಟ್ಟಿಯನ್ನು ಮಾತ್ರ ಬಿಡದೆ ಓದಿ. ಅದರ ಮೇಲೆ ದೊಡ್ಡದಾಗಿ ಬರೆದ ಮೂರಕ್ಷರ ನಿಮ್ಮ ಕೊನೆಯ ಊರಿನ ಕೋಡ್ ಆಗಿದ್ದರೆ ಬ್ಯಾಗ್ ನೇರ ಅಲ್ಲಿಗೇ ಹೋಗುತ್ತದೆ. ನಡುವಿನ ಊರಿನ ಕೋಡ್ ಇದ್ದರೆ ಅಲ್ಲಿ ನೀವೇ ಇಳಿಸಿಕೊಂಡು ಮತ್ತೆ ಕೊಡಬೇಕು. ಅನುಮಾನ ಬಂದರೆ ಬ್ಯಾಗ್ ಬೆಲ್ಟ್ ಮೇಲೆ ಮುಂದೆ ಹೋಗುವ ಮೊದಲೇ ಕೇಳಿ. ನಿಮಗೆ ಕೊಡುವ ಚಿಕ್ಕ ಚೀಟಿಯಲ್ಲಿ 10 ಅಂಕಿಯ ನಂಬರ್ ಇರುತ್ತದೆ, ಬ್ಯಾಗ್ ಕಾಣದೇ ಹೋದಾಗ ಹುಡುಕುವುದೇ ಅದರಿಂದ. ಅದರ ಫೋಟೋ, ಬ್ಯಾಗಿನ ಫೋಟೋ ಎರಡೂ ಮೊಬೈಲಿನಲ್ಲಿ ಇರಲಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಇಡುವಂತಿಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಮೇಲೆ ಸಿಬ್ಬಂದಿ ಕೂಡಲೇ ಆರಿಸಬಹುದು, ಕೆಳಗಿನ ಸಾಮಾನಿನ ಜಾಗದಲ್ಲಿ ಕೈಗೆ ಸಿಗುವುದಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಅಂತ ಬರೆದಿದ್ದರೆ ಅದನ್ನು 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ, 74 ಬರುತ್ತದೆ, ತೊಂದರೆ ಇಲ್ಲ. ಬರಹ ಅಳಿಸಿಹೋಗಿರುವ ಹಳೆಯ ಪವರ್ ಬ್ಯಾಂಕ್ ಆದರೆ ಕಿತ್ತುಕೊಳ್ಳುವ ಸಾಧ್ಯತೆ ಜಾಸ್ತಿ.

ದ್ರವ ಪದಾರ್ಥಕ್ಕೆ 100 ಮಿಲಿಲೀಟರ್ ಮಿತಿ ಬಂದದ್ದು 2006ರಲ್ಲಿ. ಬ್ರಿಟನ್‌ನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉರುಳಿಸುವ ಸಂಚು ಆ ವರ್ಷ ಆಗಸ್ಟ್‌ನಲ್ಲಿ ಬಯಲಾದ ಮೇಲೆ. ಇಲ್ಲಿ ನೋಡುವುದು ಬಾಟಲಿಯ ಅಳತೆಯನ್ನು, ಒಳಗೆ ಎಷ್ಟಿದೆ ಅಂತಲ್ಲ. 200 ಮಿಲಿಲೀಟರ್ ಬಾಟಲಿಯ ತಳದಲ್ಲಿ ಒಂದು ಚಮಚ ಶಾಂಪೂ ಇದ್ದರೂ ಅದು ಹೋಯಿತು ಅಂತಲೇ ಲೆಕ್ಕ. ಹೊಸ ಸ್ಕ್ಯಾನರ್ ಬಂದ ಕೆಲವು ಏರ್‌ಪೋರ್ಟ್‌ಗಳಲ್ಲಿ ಈ ನಿಯಮ ಸಡಿಲವಾಗಿದೆ, ಆದರೆ ವಾಪಸ್ ಬರುವ ಊರಿನಲ್ಲಿ ಹಾಗೇ ಇರುತ್ತದೆ ಅಂತ ಹೇಳಲಾಗದು. 100ರ ಲೆಕ್ಕದಲ್ಲೇ ಪ್ಯಾಕ್ ಮಾಡಿ. ಖಾಲಿ ನೀರಿನ ಬಾಟಲಿ ಇಟ್ಟುಕೊಳ್ಳಿ, ಸೆಕ್ಯೂರಿಟಿ ದಾಟಿದ ಮೇಲೆ ತುಂಬಿಕೊಳ್ಳಬಹುದು.

ಗೇಟ್ ಹುಡುಕುವುದು

ಸೆಕ್ಯೂರಿಟಿ ಆಯಿತು, ಇನ್ನೇನು ಆರಾಮು ಅಂತ ಅನ್ನಿಸುವುದು ಸಹಜ. ಆದರೆ ಫ್ಲೈಟ್ ತಪ್ಪಿಸಿಕೊಳ್ಳುವವರಲ್ಲಿ ಒಳಗೆ ಬಂದು ಕೂತವರೂ ಇರುತ್ತಾರೆ. ಮುಂಬೈ, ದುಬೈ ಸೇರಿ ಎಷ್ಟೋ ಏರ್‌ಪೋರ್ಟ್‌ಗಳಲ್ಲಿ ಈಗ ಬೋರ್ಡಿಂಗ್‌ಗೆ ಮೈಕಿನಲ್ಲಿ ಕೂಗಿ ಕರೆಯುವುದಿಲ್ಲ. ಕರೆದಾಗ ಹೋಗೋಣ ಅಂತ ಕೂತರೆ ಯಾರೂ ಕರೆಯುವುದೇ ಇಲ್ಲ. ಬೋರ್ಡ್ ನೋಡಬೇಕು, ಅರ್ಧ ಗಂಟೆಗೊಮ್ಮೆ ಮತ್ತೆ ನೋಡಬೇಕು, ಏಕೆಂದರೆ ಗೇಟ್ ಬದಲಾಗುತ್ತದೆ. ಬೋರ್ಡಿಂಗ್ ಪಾಸ್‌ನಲ್ಲಿ ಅಚ್ಚಾದ ಗೇಟ್ ನಂಬರ್ ಆ ಹೊತ್ತಿನದ್ದು ಅಷ್ಟೇ.

ಹಾಗಾಗಿ ಮೊದಲು ಗೇಟ್‌ವರೆಗೆ ಹೋಗಿ, ಕಣ್ಣಾರೆ ನೋಡಿ, ಆಮೇಲೆ ಕಾಫಿ, ಅಂಗಡಿ ಎಲ್ಲ. ಗೇಟ್ ನಂಬರ್ ಮುಂದಿನ ಅಕ್ಷರ ಕಟ್ಟಡದ ಯಾವ ಭಾಗ ಅಂತ ಹೇಳುತ್ತದೆ, ಆ ಭಾಗಕ್ಕೆ ಕೆಲವೊಮ್ಮೆ ರೈಲಿನಲ್ಲೇ ಹೋಗಬೇಕು. ವರ್ಷಕ್ಕೆ 10 ಕೋಟಿಗೂ ಜಾಸ್ತಿ ಜನ ಓಡಾಡುವ ಅಮೆರಿಕದ ಅಟ್ಲಾಂಟದಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ನೆಲದಡಿಯಲ್ಲಿ ರೈಲು ಓಡುತ್ತದೆ, ಬೇಕಾದರೆ ನಡೆದೂ ಹೋಗಬಹುದು. ಡೆನ್ವರ್‌ನಲ್ಲಿ ಬಿ ಮತ್ತು ಸಿ ಭಾಗಗಳಿಗೆ ನಡೆದು ಹೋಗುವ ದಾರಿಯೇ ಇಲ್ಲ. ಪ್ಯಾರಿಸ್‌ನ ಶಾರ್ಲ್ ದ ಗಾಲ್‌ನಲ್ಲಿ 2ಜಿ ಅಂತ ಇದ್ದರೆ ಅದು ಉಳಿದ 2ನೇ ಟರ್ಮಿನಲ್‌ನಿಂದ ದೂರ, ಬಸ್ ಹಿಡಿಯಬೇಕು.

ವಯಸ್ಸಾದವರು, ಮಂಡಿನೋವಿನವರು, ಭಾಷೆ ಬಾರದೆ ಒಬ್ಬರೇ ಹೋಗುವವರು: ಇವರ ಬಗ್ಗೆ ಒಂದು ಮಾತು. ವೀಲ್‌ಚೇರ್ ಕೇಳಲು ಸಂಕೋಚ ಬೇಡ. ಮನೆಯಲ್ಲಿ ನಡೆದಾಡುವವರಿಗೂ ಒಂದೂವರೆ ಕಿಲೋಮೀಟರ್ ಕಾರಿಡಾರ್, ನಡುವೆ ಎರಡು ಸಾಲುಗಳಲ್ಲಿ ನಿಲ್ಲುವುದು ಕಷ್ಟವೇ ಅಲ್ವಾ? ಟಿಕೆಟ್ ಮಾಡುವಾಗಲೇ ಹೇಳಿ, ಕಡೇಪಕ್ಷ 48 ಗಂಟೆ ಮೊದಲಾದರೂ ಹೇಳಿ. ಯುರೋಪಿನ ನಿಯಮದಲ್ಲೂ ಇದೇ 48 ಗಂಟೆ ಇದೆ, ಅಲ್ಲಿ ಇದಕ್ಕೆ ದುಡ್ಡು ತಗೊಳ್ಳುವಂತಿಲ್ಲ. ಹೊರಗೆ ಕಾಣದ ತೊಂದರೆ ಇರುವವರಿಗೆ, ಉದಾಹರಣೆಗೆ ಆಟಿಸಂ ಇರುವ ಮಗುವಿಗೆ, ಸೂರ್ಯಕಾಂತಿ ಚಿತ್ರದ ಹಸಿರು ಕೊರಳಪಟ್ಟಿ ಇದೆ. 2016ರಲ್ಲಿ ಗ್ಯಾಟ್ವಿಕ್‌ನಲ್ಲಿ ಶುರುವಾದದ್ದು ಈಗ ಎಷ್ಟೋ ದೇಶಗಳ ಏರ್‌ಪೋರ್ಟ್‌ಗಳಲ್ಲಿದೆ. ಅದನ್ನು ಹಾಕಿಕೊಂಡವರ ಜೊತೆ ಸಿಬ್ಬಂದಿ ಅವಸರ ಮಾಡದೆ ನಡೆದುಕೊಳ್ಳಬೇಕು. ಇಂಥದ್ದೊಂದು ಇದೆ ಅಂತ ಗೊತ್ತಿಲ್ಲದೆ ಒದ್ದಾಡುವ ಮನೆಯವರು ತುಂಬಾ ಜನ, ಅದಕ್ಕೇ ಇಷ್ಟು ಬರೆದೆ.

ನಡುವೆ ವಿಮಾನ ಬದಲಿಸುವುದಿದ್ದರೆ

ಇಡೀ ಪ್ರಯಾಣ ಒಂದೇ ಬುಕಿಂಗ್‌ನಲ್ಲಿ ಇದೆಯೋ, ಎರಡು ಬೇರೆ ಟಿಕೆಟ್‌ಗಳೋ? ಮೊದಲು ಇದನ್ನು ನೋಡಿ. ಒಂದೇ ಬುಕಿಂಗ್ ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಜವಾಬ್ದಾರಿ. ಅಗ್ಗ ಅಂತ ಎರಡು ಟಿಕೆಟ್ ಕೊಂಡಿದ್ದರೆ ಹೊಣೆ ನಿಮ್ಮದೇ, ಎರಡನೇ ಕಂಪನಿಗೆ ನೀವು ಹೊತ್ತಿಗೆ ಬಾರದ ಪ್ರಯಾಣಿಕರು ಅಷ್ಟೇ. ಹಾಗೆ ಕೊಂಡಿದ್ದರೆ ನಡುವೆ ನಾಲ್ಕೈದು ಗಂಟೆಯಾದರೂ ಬಿಡಿ, ಆ ದೇಶಕ್ಕೆ ವೀಸಾ ಬೇಕೋ ನೋಡಿ, ಏಕೆಂದರೆ ಬ್ಯಾಗ್ ತೆಗೆದುಕೊಳ್ಳಲು ಹೊರಗೆ ಬರಲೇಬೇಕಾಗಬಹುದು.

ಅಮೆರಿಕದಲ್ಲಿ ಒಂದೇ ಬುಕಿಂಗ್ ಆದರೂ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಶನ್ ಮುಗಿಸಿ, ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬ್ಯಾಗ್ ಕೊಟ್ಟು, ಮತ್ತೆ ಸೆಕ್ಯೂರಿಟಿಗೆ ಹೋಗಬೇಕು. ಒಂದೂವರೆ ಗಂಟೆಯ ಅಂತರ ಅಲ್ಲಿ ಏನೇನೂ ಸಾಲದು. ಡ್ಯೂಟಿ ಫ್ರೀಯಲ್ಲಿ ಕೊಂಡ ದೊಡ್ಡ ಬಾಟಲಿ ಇದ್ದರೆ ಆ ಸೀಲ್ ಮಾಡಿದ ಚೀಲವನ್ನು ದಾರಿಯಲ್ಲಿ ಬಿಚ್ಚಬೇಡಿ.

ಇಳಿದ ಮೇಲೆ

ಬೆಲ್ಟ್ ನಿಂತಿತು, ಬ್ಯಾಗ್ ಬರಲಿಲ್ಲ. ಹೊರಗೆ ಹೋಗಬೇಡಿ. ಅಲ್ಲೇ ಇರುವ ಲಗೇಜ್ ಕೌಂಟರ್‌ನಲ್ಲಿ ದೂರು ಬರೆಸಿ, ಅದರ ನಂಬರ್ ಇರುವ ಕಾಗದ ಕೈಗೆ ಬಂದ ಮೇಲೆಯೇ ಹೊರಡಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಬ್ಯಾಗ್ ಒಡೆದಿದ್ದರೆ ಅದು ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಬಾಯಿಮಾತಿನಲ್ಲಿ ಹೇಳಿ ಬಂದರೆ ಪರಿಹಾರ ಸಿಗುವುದು ಕಷ್ಟ. ಬ್ಯಾಗ್ ತಡವಾಗಿ ತುರ್ತಾಗಿ ಬಟ್ಟೆ, ಬ್ರಷ್ ಕೊಂಡಿದ್ದರೆ ಬಿಲ್ ಇಟ್ಟುಕೊಳ್ಳಿ.

ಹೊರಗಿನ ಬಾಗಿಲ ಹತ್ತಿರ ಟ್ಯಾಕ್ಸಿ ಬೇಕಾ ಅಂತ ತಾವಾಗೇ ಬಂದು ಕೇಳುವವರ ಹಿಂದೆ ಹೋಗಬೇಡಿ, ಎಷ್ಟೇ ಸುಸ್ತಾಗಿದ್ದರೂ. ಬೋರ್ಡ್ ಇರುವ ಟ್ಯಾಕ್ಸಿ ಸಾಲಿಗೇ ಹೋಗಿ. ಆ್ಯಪ್ ಕ್ಯಾಬ್‌ಗೆ ಹತ್ತುವ ಜಾಗ ಬೇರೆ ಇರುತ್ತದೆ, ಕೆಲವು ಕಡೆ ಪಾರ್ಕಿಂಗ್ ಕಟ್ಟಡದೊಳಗೆ, ಹಾಗಾಗಿ ಅಲ್ಲಿಗೆ ನಡೆದು ತಲುಪಿದ ಮೇಲೆ ಬುಕ್ ಮಾಡಿದರೆ ಡ್ರೈವರ್ ಕಾಯುವ ಶುಲ್ಕ ಬೀಳುವುದಿಲ್ಲ. ಮನೆಯವರು ಕರೆದುಕೊಂಡು ಹೋಗಲು ಬರುವುದಿದ್ದರೆ ವಿಮಾನ ಇಳಿದ ಕೂಡಲೇ ಬನ್ನಿ ಅನ್ನಬೇಡಿ. ಇಮಿಗ್ರೇಶನ್, ಬೆಲ್ಟ್ ಮುಗಿಯಲು ಒಂದು ಗಂಟೆ ಆದರೂ ಆಗಬಹುದು, ಟರ್ಮಿನಲ್ ಮುಂದೆ ಕಾರು ನಿಲ್ಲಿಸಲು ಬಿಡುವುದು ಕೆಲವೇ ನಿಮಿಷ. ಅವರು ದೂರದ ಪಾರ್ಕಿಂಗ್‌ನಲ್ಲೇ ಇರಲಿ. ಬ್ಯಾಗ್ ಕೈಗೆ ಬಂದ ಮೇಲೆ ಫೋನ್ ಮಾಡಿ, ಟರ್ಮಿನಲ್ ಜೊತೆಗೆ ನೀವು ನಿಂತಿರುವ ಬಾಗಿಲಿನ ನಂಬರ್ ಹೇಳಿ, ಅವರು ಬಂದು ಮುಟ್ಟುವವರೆಗೆ ಆ ಬಾಗಿಲು ಬಿಟ್ಟು ಕದಲಬೇಡಿ.